ಹನ್ನೆರಡನೇ ಕಂತಿನ ಖಾಲಿ ಚೌಕ

ಮಾರ್ಚ್ ೧೪, ಗುರುವಾರ

ಪ್ರೀತಿಯ ಸಿಸ್ಟರಕ್ಕ,

ಈ ಹೆಸರಿನಿಂದ ನಿನ್ನನ್ನು ಕರೆಯುತ್ತಿದ್ದವಳು ನಾನೊಬ್ಬಳೇ. ಹಾಗಾಗಿ ಬರೆದವರು ಯಾರೆಂದು ನಿನಗೆ ಈಗಾಗಲೇ ಗೊತ್ತಾಗಿರುತ್ತದೆ. ಹರಿದು ಹಾಕುವುದಾದರೆ ಇಲ್ಲೇ ಹರಿದು ಹಾಕು, ನನಗೆ ಬೇಸರವಿಲ್ಲ. ಜೊತೆಗಿರುವ ಪುಟ್ಟ ಡಬ್ಬಿಯನ್ನು ಮಾತ್ರ ಎಸೆಯಬೇಡ. ಓದುವುದಾದರೆ, ಕಾಗದ ಪೂರ್ತಿ ಮುಗಿದ ಮೇಲೆ ಅದನ್ನು ತೆರೆ.

ನಿನ್ನ ವಿಳಾಸ ಸಿಕ್ಕಿದ ಬಗೆಯನ್ನು ಮೊದಲು ಹೇಳಿಬಿಡುತ್ತೇನೆ. ಹೋದ ತಿಂಗಳು ನನ್ನ ಪಿತ್ತಕೋಶ ತೆಗೆದರು. ದೊಡ್ಡದೇನಲ್ಲ, ಮೂರು ದಿನದ ಆಸ್ಪತ್ರೆ ವಾಸ. ನಾವಿಬ್ಬರೂ ಸೇರಿ ಬರೆದ ಆರು ಆಪರೇಷನ್ನುಗಳಲ್ಲಿ ಪಿತ್ತಕೋಶದ್ದು ಒಂದೂ ಇರಲಿಲ್ಲ, ನೆನಪಿದೆಯೇ? ‘ಕಲ್ಲು ತೆಗೆಸ್ಕೊಳ್ಳೋ ಹೀರೋಯಿನ್ನನ್ನ ಯಾವ ಡಾಕ್ಟರೂ ಪ್ರೀತಿಸಲ್ಲ ಕಣೆ’ ಎಂದಿದ್ದೆ ನೀನು. ನಿಜವೇ. ನನ್ನ ಡಾಕ್ಟರು ನನ್ನ ಮುಖವನ್ನು ಒಂದು ಸಲವೂ ನೋಡಲಿಲ್ಲ. ಸ್ಕ್ಯಾನಿನ ಚಿತ್ರದ ಜೊತೆಗೇ ಮಾತಾಡಿ ಹೋದರು.

ಎರಡನೆಯ ದಿನ ಬೆಳಿಗ್ಗೆ ಬಂದ ನರ್ಸ್ ನನ್ನ ಬೆರಳಿಗೆ ಯಂತ್ರದ ಕ್ಲಿಪ್ಪು ಸಿಕ್ಕಿಸಿದ ಮೇಲೂ ಕೈಯಿಂದಲೇ ನಾಡಿ ಹಿಡಿದಳು. ಹಿಡಿಯುವ ಮುಂಚೆ ತನ್ನ ಗಡಿಯಾರವನ್ನು ಒಂದು ಪೂರ್ತಿ ನಿಮಿಷ ದಿಟ್ಟಿಸಿ ನೋಡಿದಳು. ಏನು ನೋಡುತ್ತೀಯಮ್ಮ ಎಂದು ಕೇಳಿದೆ. ‘ಸೆಕೆಂಡ್ ಮುಳ್ಳು ಏಳರ ಹತ್ರ ಎಡವುತ್ತಾ ಅಂತ ನೋಡ್ತಿದ್ದೀನಿ ಮೇಡಂ. ನಮ್ಮ ನರ್ಸಿಂಗ್ ಶಾಲೆಯ ಪ್ರಿನ್ಸಿಪಾಲ್ ಮೇಡಂ ಕಲಿಸಿದ್ದು. ಮೊದಲ ದಿನವೇ ಎಲ್ಲರ ಗಡಿಯಾರಾನೂ ಪರೀಕ್ಷೆ ಮಾಡ್ತಾರೆ. ಏಳೇ ಯಾಕೆ ಅಂತ ಮಾತ್ರ ಯಾರಿಗೂ ಗೊತ್ತಿಲ್ಲ. ಕೇಳಿದ್ರೆ ಬೈತಾರೆ’ ಎಂದಳು.

ನಾನು ಅತ್ತುಬಿಟ್ಟೆ. ಹೊಲಿಗೆ ನೋಯುತ್ತಿದೆಯೇನೋ ಎಂದುಕೊಂಡು ಅವಳು ನೋವಿನ ಇಂಜೆಕ್ಷನ್ ಕೊಟ್ಟಳು. ಬೇಡ ಎನ್ನಲು ಹೋಗಲಿಲ್ಲ. ಮನೆಗೆ ಹೊರಡುವ ದಿನ ಅವಳಿಂದ ಶಾಲೆಯ ವಿಳಾಸ ಬರೆಸಿಕೊಂಡೆ.

ಬರೆಯುವುದಕ್ಕೆ ಇನ್ನೊಂದು ಕಾರಣವೂ ಇದೆ. ವ್ಯವಹಾರದ್ದು, ಹೇಳಲು ಸುಲಭ, ಅದನ್ನೇ ಮೊದಲು ಹೇಳುತ್ತೇನೆ. ಎರಡು ತಿಂಗಳ ಹಿಂದೆ ಒಬ್ಬ ಪ್ರಕಾಶಕಿ ನನ್ನನ್ನು ಹುಡುಕಿಕೊಂಡು ಕಾಲೇಜಿಗೆ ಬಂದಳು. ನಮ್ಮ ಕೊನೆಯ ಧಾರಾವಾಹಿಯ ಹದಿನಾರೂ ಕಂತುಗಳ ನಕಲು ಅವಳ ಚೀಲದಲ್ಲಿತ್ತು. ಯಾವುದೋ ಗ್ರಂಥಾಲಯದಲ್ಲಿ ಹಳೆಯ ವಾರಪತ್ರಿಕೆಗಳನ್ನು ಕೆದಕಿ ತೆಗೆಸಿದ್ದಳಂತೆ. ಅವಳ ಅಮ್ಮ ಹೆರಿಗೆ ವಾರ್ಡಿನಲ್ಲಿ ಮಲಗಿ ಅದನ್ನು ಓದಿದ್ದರಂತೆ. ‘ಆಸ್ಪತ್ರೆಯ ಪ್ರೇಮಕಥೆಗಳನ್ನ ಇಷ್ಟು ನಿಜವಾಗಿ ಯಾರೂ ಬರೆದಿಲ್ಲ ಮೇಡಂ, ಪುಸ್ತಕ ಮಾಡೋಣ’ ಎಂದಳು. ಎದುರಿಗೆ ಕೂತಿದ್ದ ನಮ್ಮ ವಿಭಾಗದ ಮುಖ್ಯಸ್ಥರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಇಪ್ಪತ್ತು ವರ್ಷ ಕಾವ್ಯ ಪಾಠ ಮಾಡಿ ಸಂಪಾದಿಸಿದ ಗಾಂಭೀರ್ಯ ಒಂದೇ ಏಟಿಗೆ ಮಣ್ಣುಪಾಲಾಯಿತು. ಖುಷಿಯೂ ಆಯಿತು, ಸುಳ್ಳೇಕೆ ಹೇಳಲಿ.

ಒಪ್ಪಂದದ ಕಾಗದ ಇದರ ಜೊತೆಗಿದೆ. ಅದರಲ್ಲಿ ಎರಡು ಸಹಿಗೆ ಜಾಗವಿದೆ. ಲೇಖಕರು ಇಬ್ಬರು ಎಂದು ನಾನೇ ಬರೆಸಿದ್ದು.

ಆ ನಕಲುಗಳನ್ನು ಮನೆಗೆ ತಂದು ಓದುತ್ತ ಕೂತರೆ, ಅಕ್ಕ, ಕಥೆ ಕಾಣಿಸಲೇ ಇಲ್ಲ. ನಮ್ಮ ಕೋಣೆ ಕಾಣಿಸಿತು. ಹಾಸ್ಟೆಲ್ಲಿನ ಮೂರನೇ ಮಹಡಿ, ಎರಡು ಕಬ್ಬಿಣದ ಮಂಚ, ನಡುವೆ ಮೇಜಿನ ಬದಲು ನಿನ್ನ ಟ್ರಂಕು. ಕಿಟಕಿಯ ಕಂಬಿಗೆ ನಿನ್ನ ಬಿಳಿ ಕಾಲುಚೀಲಗಳು, ಆಚೆಗೆ ಆಸ್ಪತ್ರೆಯ ಒಗೆಯುವ ಕಟ್ಟೆ, ಹಗ್ಗದ ಮೇಲೆ ಸಾಲು ಸಾಲು ಬಿಳಿ ಹೊದಿಕೆ. ನೀನು ಡ್ಯೂಟಿ ಮುಗಿಸಿ ಬಂದವಳೇ ಮಲಗಿ, ಬಾತುಕೊಂಡ ಕಾಲುಗಳನ್ನು ಗೋಡೆಗೆ ಎತ್ತಿ ಇಟ್ಟುಕೊಂಡು ವಾರಪತ್ರಿಕೆ ಓದುತ್ತಿದ್ದೆ. ಗೋಡೆಯ ಮೇಲೆ ನಿನ್ನ ಹಿಮ್ಮಡಿಯ ಎರಡು ಗುರುತು ಬಿದ್ದುಹೋಗಿದ್ದವು. ನೀನು ಹೋದ ಮೇಲೆ ಬಂದ ಹುಡುಗಿ ಇದೇನು ಎಂದು ಕೇಳಿದಾಗ, ಮೊದಲಿಂದಲೂ ಇದೆ ಎಂದಿದ್ದೆ.

ನಾನಾಗ ಎಂ.ಎ. ಓದುತ್ತಿದ್ದೆ, ಕವಿತೆಯ ಹೊರತು ಬೇರೇನನ್ನೂ ಸಾಹಿತ್ಯವೆಂದು ಒಪ್ಪುತ್ತಿರಲಿಲ್ಲ. ನಿನ್ನ ಪತ್ರಿಕೆಯನ್ನು ಕಸ ಎನ್ನುತ್ತಿದ್ದೆ. ನೀನು ಕೋಪ ಮಾಡಿಕೊಳ್ಳುತ್ತಿರಲಿಲ್ಲ, ನಗುತ್ತಿದ್ದೆ. ‘ಇಲ್ಲಿ ನೋಡೇ ಪಂಡಿತಮ್ಮ, ಈ ಡಾಕ್ಟರು ಗ್ಲೌಸ್ ಹಾಕ್ಕೊಂಡ ಕೈಯಲ್ಲಿ ಹೀರೋಯಿನ್ ಕಣ್ಣೀರು ಒರೆಸಿ, ಅದೇ ಕೈಯಲ್ಲಿ ಹೊಟ್ಟೆ ಕುಯ್ತಾನೆ. ಆ ರೋಗಿ ಸೆಪ್ಟಿಕ್ ಆಗಿ ಸಾಯ್ತಾನೆ, ಬಡಪಾಯಿ. ಅವನಿಗೋಸ್ಕರ ಯಾರೂ ಅಳಲ್ಲ.’ ಹಾಗಾದರೆ ನೀನೇ ಬರಿ ಎಂದೆ. ನನಗೆ ರೋಗ ಗೊತ್ತು, ಪ್ರೀತಿ ಗೊತ್ತಿಲ್ಲ ಎಂದೆ ನೀನು. ನನಗೂ ಕವಿತೆಯಲ್ಲಿ ಓದಿದ್ದಷ್ಟೇ ಗೊತ್ತು ಎಂದೆ. ‘ಓದೋರಿಗೂ ಅಷ್ಟೇ ಗೊತ್ತಿರೋದು, ಬರಿ ಬರಿ’ ಎಂದು ನಿನ್ನ ಟ್ರಂಕಿನ ಮೇಲಿದ್ದದ್ದನ್ನೆಲ್ಲ ಕೆಳಗಿಳಿಸಿದೆ.

ಚೌಕಗಳು ಶುರುವಾದದ್ದು ಹಾಗೆ. ರೋಗದ ಹೆಸರು, ಔಷಧಿ, ಸೂಜಿ ಎಲ್ಲಿಗೆ ಚುಚ್ಚುವುದು, ಎಷ್ಟು ಗಂಟೆಗೆ ಪ್ರಜ್ಞೆ ಬರುವುದು, ಇವೆಲ್ಲ ಬರುವ ಕಡೆ ನಾನು ನೀಲಿ ಶಾಯಿಯಲ್ಲಿ ಒಂದು ಖಾಲಿ ಚೌಕ ಬರೆದಿಡುತ್ತಿದ್ದೆ. ನೀನು ಡ್ಯೂಟಿಯಿಂದ ಬಂದು, ರಾತ್ರಿ ಪಾಳಿಯ ವರದಿ ಬರೆಯುವ ನಿನ್ನ ಕೆಂಪು ಪೆನ್ನಿನಿಂದ ಅದನ್ನು ತುಂಬುತ್ತಿದ್ದೆ. ಬರೀ ತುಂಬಿ ಸುಮ್ಮನಿರುತ್ತಿದ್ದೆಯಾ? ‘ಡಾಕ್ಟರು ನಡುಗುವ ದನಿಯಲ್ಲಿ’ ಎಂದು ನಾನು ಬರೆದರೆ ಪಕ್ಕದಲ್ಲಿ ಕೆಂಪಾಗಿ, ‘ಡಾಕ್ಟರ ದನಿ ನಡುಗಲ್ಲ. ನಡುಗಿದರೆ ನಾವು ಬೇರೆ ಡಾಕ್ಟರನ್ನ ಕರೀತೀವಿ.’ ನಾಯಕ ನಾಯಕಿ ವಾರ್ಡಿನಲ್ಲಿ ಕಣ್ಣಲ್ಲಿ ಕಣ್ಣಿಟ್ಟು ನಿಂತರೆ, ‘ಇಷ್ಟು ಹೊತ್ತು ನಿಂತರೆ ಆರನೇ ಹಾಸಿಗೆಯ ಡ್ರಿಪ್ ಮುಗಿದುಹೋಗುತ್ತೆ.’ ಆಗ ನಾನು ನಾಯಕಿಯ ಒಂದು ಕಣ್ಣನ್ನು ಡ್ರಿಪ್ಪಿನ ಮೇಲೆ ಇಡಿಸುತ್ತಿದ್ದೆ. ಓದುಗರು ಮರುಳಾದದ್ದು ಆ ಒಂದು ಕಣ್ಣಿಗೇ. ಅಚ್ಚಿನಲ್ಲಿ ನಮ್ಮಿಬ್ಬರದೂ ಒಂದೇ ಕಾವ್ಯನಾಮ, ಅದು ಯಾರೋ ಲೇಡಿ ಡಾಕ್ಟರದೇ ಎಂದು ಎಲ್ಲರ ನಂಬಿಕೆ. ಎದೆಯುರಿಗೆ ಔಷಧ ಕೇಳಿ ಕಾಗದ ಬರುತ್ತಿದ್ದವು. ಒಬ್ಬರು ಮದುವೆಯ ಪ್ರಸ್ತಾಪವನ್ನೂ ಕಳಿಸಿ, ಜೊತೆಗೆ ತಮ್ಮ ಎಕ್ಸ್‌ರೇ ಇಟ್ಟಿದ್ದರು. ಅದನ್ನು ಕಿಟಕಿಗೆ ಹಿಡಿದು ನೋಡಿ ನೀನು ಹೇಳಿದ್ದು: ‘ಗುಣ ಗೊತ್ತಿಲ್ಲ, ಪುಪ್ಪುಸ ಚೆನ್ನಾಗಿದೆ.’

ಸಂಪಾದಕರನ್ನು ಮರೆತಿಲ್ಲ ತಾನೆ? ಮುದ್ರಣಾಲಯದ ಮೇಲಿನ ಮಹಡಿಯಲ್ಲಿ ಕಡಲೆಕಾಯಿ ಸಿಪ್ಪೆಯ ಗುಡ್ಡೆಯ ಹಿಂದೆ ಕೂತು ಅವರು ಹೇಳಿಕೊಟ್ಟ ಪಾಕ ನನಗೆ ಬಾಯಿಪಾಠ. ‘ಡಾಕ್ಟರು ಎತ್ತರ ಇರ್ಬೇಕು, ಸಿಟ್ಟು ಮೂಗಿನ ತುದೀಲಿರ್ಬೇಕು. ನರ್ಸಿಗೆ ಹಿಂದೆ ಮುಂದೆ ಯಾರೂ ಇರ್ಬಾರ್ದು. ಎಂಟನೇ ಕಂತಿಗೆ ಒಂದು ಆಪರೇಷನ್ನು, ಹನ್ನೆರಡಕ್ಕೊಂದು ಸಾವು. ಸಾವಾದ್ರೇನೇ ಅವಳು ಅಳೋದು, ಅತ್ರೇನೇ ಅವನು ಕರಗೋದು. ನಡುವೆ ಒಬ್ಬ ಕೆಟ್ಟವಳು.’ ಆ ಕೆಟ್ಟವಳು ಯಾವಾಗಲೂ ಡಾಕ್ಟರ ಅತ್ತೆ ಮಗಳೇ. ಅವಳ ಕೆಲಸ ಒಂದೇ, ಯಾರೋ ಯಾರಿಗೋ ಬರೆದ ಕಾಗದವನ್ನು ಬಚ್ಚಿಡುವುದು. ‘ಬಂದ್ಲಾ ಕಾಗದ ಬಚ್ಚಿಡೋ ಅತ್ತೆ ಮಗಳು?’ ಎಂದು ನೀನು ಪ್ರತಿ ಧಾರಾವಾಹಿಯಲ್ಲೂ ಕೇಳುತ್ತಿದ್ದೆ. ಇಂಥವರು ನಿಜವಾಗಿ ಎಲ್ಲಿರುತ್ತಾರೆ, ಇದನ್ನು ಯಾರು ನಂಬುತ್ತಾರೆ ಎಂದು ನಾನು ಗೊಣಗುತ್ತಿದ್ದೆ.

ನಿನ್ನದೂ ಒಂದು ನಿಯಮವಿತ್ತು. ಸಂಪಾದಕರ ನಿಯಮಗಳಿಗಿಂತ ಗಟ್ಟಿಯಾದದ್ದು. ‘ಕಾಯಿಲೆ ಎಷ್ಟು ಬೇಕಾದ್ರೂ ಕೊಡ್ತೀನಿ ಕಣೆ, ಕಾಯಿಲೆಯವರನ್ನ ಕೊಡಲ್ಲ.’ ವಾರ್ಡಿನ ಯಾರ ಗುರುತೂ ಕಥೆಯಲ್ಲಿ ಬರಕೂಡದು. ಎರಡೂವರೆ ವರ್ಷ ನಾನು ಅದನ್ನು ಮೀರಲಿಲ್ಲ.

ಇಲ್ಲಿಗೆ ಬಂದು ಪೆನ್ನು ಕೆಳಗಿಟ್ಟು ಚಹಾ ಮಾಡಿಕೊಂಡು ಬಂದೆ. ಈಗ ಬರೆಯಬೇಕಾದದ್ದು ಗಡಿಯಾರದವರ ವಿಷಯ.

ಗಂಡಸರ ವಾರ್ಡಿನ ಹನ್ನೊಂದನೇ ಹಾಸಿಗೆ. ಗಡಿಯಾರ ರಿಪೇರಿ ಮಾಡುವವರು, ಇಪ್ಪತ್ತೆಂಟು ವರ್ಷ, ಹೃದಯದ ಕವಾಟ ಕಿರಿದಾಗಿತ್ತು. ಆಪರೇಷನ್ನಿನ ಸರದಿಗಾಗಿ ಮೂರು ತಿಂಗಳಿಂದ ಕಾಯುತ್ತಿದ್ದರು. ಬಂದ ವಾರದಲ್ಲೇ ವಾರ್ಡಿನ ನಿಂತುಹೋದ ಗೋಡೆ ಗಡಿಯಾರ ನಡೆಸಿದರು ಎಂದು ನೀನು ಹೇಳಿದೆ. ಕಾಯಿಲೆಯವರನ್ನು ಕೊಡಲ್ಲ ಎನ್ನುತ್ತಿದ್ದವಳು ಆಗಾಗ ಇವರನ್ನು ತಂದು ನಮ್ಮ ಟ್ರಂಕಿನ ಮೇಲೆ ಕೂರಿಸತೊಡಗಿದೆ. ಒಂದು ಮಧ್ಯಾಹ್ನ ನಗುತ್ತ ಬಂದು ಎದೆಗೆ ಪಿನ್ನಿನಿಂದ ಸಿಕ್ಕಿಸಿಕೊಂಡಿದ್ದ ಗಡಿಯಾರವನ್ನು ತೋರಿಸಿದೆ. ನೀನು ನಾಡಿ ಎಣಿಸುತ್ತಿದ್ದಾಗ ಅವರು ಹೇಳಿದರಂತೆ: ‘ಸಿಸ್ಟರ್, ನಿಮ್ಮ ಸೆಕೆಂಡ್ ಮುಳ್ಳು ಏಳರ ಹತ್ರ ಎಡವುತ್ತೆ. ಈ ವಾರ್ಡಲ್ಲಿ ಎಲ್ಲರ ಎದೆನೂ ಎರಡೆರಡು ಬಡಿತ ಜಾಸ್ತಿ ಬಡೀತಿರೋದು ಅದಕ್ಕೇ. ನನ್ನದು ಮಾತ್ರ ಬೇರೆ ಕಾರಣಕ್ಕೆ.’

ಬೇರೆ ಕಾರಣ ಎಂದರೆ ಕವಾಟ ಎಂದು ನೀನು ನನಗೆ ವಿವರಿಸಿದೆ. ನಾನೇನೂ ಕೇಳಿರಲಿಲ್ಲ.

ಅವರು ಶುಕ್ರವಾರ ಶುಕ್ರವಾರ ನಮ್ಮ ಧಾರಾವಾಹಿಯನ್ನು ವಾರ್ಡಿಗೆಲ್ಲ ಕೇಳುವಂತೆ ಓದುತ್ತಿದ್ದರು. ಬರೆದವರು ಯಾರೆಂದು ಅವರಿಗೆ ಗೊತ್ತಿರಲಿಲ್ಲ. ‘ಈಯಮ್ಮ ಥರ್ಮಾಮೀಟರಿನ ರುಚಿ ಬಲ್ಲವಳು’ ಎಂದು ಹೊಗಳಿದ್ದನ್ನು ನೀನು ಬಂದು ಹೇಳಿದಾಗ ಇಬ್ಬರೂ ಮಂಚದ ಮೇಲೆ ಬಿದ್ದು ಬಿದ್ದು ನಕ್ಕೆವು. ಆಮೇಲೆ ನಗು ಕಡಿಮೆಯಾಯಿತು. ನೀನು ತಡವಾಗಿ ಬರುತ್ತಿದ್ದೆ. ಚೌಕಗಳನ್ನು ಬೇಗ ಬೇಗ ತುಂಬಿ, ಬದಿಯಲ್ಲಿ ಏನೂ ಬರೆಯದೆ ಮಲಗುತ್ತಿದ್ದೆ. ಗಡಿಯಾರವನ್ನು ಸರಿಮಾಡಲೆಂದು ಅವರಿಗೇ ಕೊಟ್ಟಿದ್ದೆ. ನಿನ್ನ ಎದೆಯ ಮೇಲೆ ಬರೀ ಪಿನ್ನು ಉಳಿದಿತ್ತು. ಅವರ ಬಳಿ ಸಲಕರಣೆ ಇಲ್ಲ, ಮನೆಗೆ ಹೋದ ಮೇಲೆ ಮಾಡಿಕೊಡುತ್ತಾರಂತೆ ಎಂದೆ. ಒಂದು ಸಂಜೆ ಕನ್ನಡಿಯ ಮುಂದೆ ತಲೆ ಬಾಚಿಕೊಳ್ಳುತ್ತ, ನನ್ನ ಕಡೆ ತಿರುಗದೆ, ‘ಆಪರೇಷನ್ ಆದ್ಮೇಲೆ ಅವರ ಅಮ್ಮ ನನ್ನ ಹತ್ರ ಏನೋ ಮಾತಾಡ್ಬೇಕಂತೆ ಕಣೆ’ ಎಂದೆ. ಕನ್ನಡಿಯಲ್ಲಿ ನಿನ್ನ ಕಿವಿ ಕೆಂಪಾಗಿದ್ದು ನನಗೆ ಕಾಣಿಸಿತು. ನಾನು ಹೇಳಿದ್ದು: ‘ಮೂರನೇ ಪುಟದಲ್ಲಿ ಒಂದು ಚೌಕ ಬಾಕಿ ಇದೆ.’

ಅಷ್ಟು ದೊಡ್ಡ ಮಾತಿಗೆ ನನ್ನ ಉತ್ತರ ಅಷ್ಟೇ ಇತ್ತು.

ಆ ಸಲದ ಹನ್ನೆರಡನೇ ಕಂತಿನ ಸಾವಿಗೆ ಡಾಕ್ಟರ ದೊಡ್ಡಮ್ಮನನ್ನು ಗೊತ್ತುಮಾಡಿದ್ದೆವು. ಎಂಬತ್ತು ವರ್ಷ, ಸಕ್ಕರೆ ಕಾಯಿಲೆ, ಎಲ್ಲ ನೀನೇ ತೀರ್ಮಾನಿಸಿದ್ದೆ. ನಾನು ಬರೆಯಲು ಕೂತಾಗ ದೊಡ್ಡಮ್ಮ ಸಾಯಲಿಲ್ಲ. ಕಥೆಯ ವಾರ್ಡಿಗೆ ಒಬ್ಬ ಹೊಸ ರೋಗಿ ಬಂದ. ಅವನನ್ನು ರೇಡಿಯೋ ರಿಪೇರಿಯವನನ್ನಾಗಿ ಮಾಡಿದೆ, ಹನ್ನೊಂದರ ಬದಲು ಒಂಬತ್ತನೇ ಹಾಸಿಗೆ ಕೊಟ್ಟೆ. ಅಷ್ಟಕ್ಕೇ ಗುರುತು ಅಳಿಸಿತು ಎಂದುಕೊಂಡೆ. ಆದರೆ ಏಳರ ಹತ್ತಿರ ಎಡವುವ ಮುಳ್ಳನ್ನು ಬಿಡಲಾಗಲಿಲ್ಲ. ಅಷ್ಟು ಚಂದದ ಸಾಲು ನನಗೆ ಎಂದೂ ಹೊಳೆದಿರಲಿಲ್ಲ, ಅದೂ ನನ್ನದಲ್ಲ. ಕವಾಟದ ಕಾಯಿಲೆ, ಉಸಿರಾಟ, ಆಪರೇಷನ್ ಮೇಜು, ಎಲ್ಲ ಚೌಕಗಳನ್ನೂ ನಾನೇ ನೀಲಿ ಶಾಯಿಯಲ್ಲಿ ತುಂಬಿದೆ. ಮೇಜಿನ ಮೇಲೆ ಅವನು ಸತ್ತ. ನರ್ಸ್ ಅವನ ಕೈ ಬಿಟ್ಟು, ಅದೇ ಗಡಿಯಾರ ನೋಡುತ್ತ ತನ್ನ ನಾಡಿಯನ್ನೇ ಎಣಿಸಿಕೊಂಡಳು. ಮುಳ್ಳು ಏಳರ ಹತ್ತಿರ ಬಂದು ನಿಂತಿತು. ಕಂತು ಮುಗಿಯಿತು.

ನೀನು ಕೇಳಿದಾಗ ಹೇಳಿದ್ದನ್ನೇ ಇಷ್ಟು ವರ್ಷ ನನಗೆ ನಾನೂ ಹೇಳಿಕೊಂಡಿದ್ದೇನೆ. ಆ ವಾರ ನಿನಗೆ ಎರಡು ಪಾಳಿ, ಅಚ್ಚಿನವರು ಅವಸರ ಮಾಡಿದರು, ತೋರಿಸಲು ಸಮಯವಾಗಲಿಲ್ಲ. ಅಕ್ಕ, ಸಮಯವಿತ್ತು. ನೀನು ಮಧ್ಯಾಹ್ನ ಎರಡಕ್ಕೆ ಬಂದೆ, ಕ್ಯಾಪು ತೆಗೆದಿಟ್ಟು ‘ಕಂತು ಎಲ್ಲೇ, ದೊಡ್ಡಮ್ಮನ್ನ ಕಳಿಸಿಕೊಡೋಣ’ ಎಂದು ಕೆಂಪು ಪೆನ್ನು ತೆಗೆದೆ. ಆಗಲೇ ಕಳಿಸಿಬಿಟ್ಟೆ ಎಂದೆ. ಅದು ನನ್ನ ತೊಡೆಯ ಮೇಲಿದ್ದ ಕವನ ಸಂಕಲನದೊಳಗಿತ್ತು. ನೀನು ನಿದ್ದೆಹೋದ ಮೇಲೆ ಎದ್ದು ಹೋಗಿ ಕೊಟ್ಟು ಬಂದೆ.

ಯಾಕೆ ಎಂದರೆ, ಅವರು ಬದುಕಿದರೆ ನೀನು ಹೋಗುತ್ತೀ. ಕಾಲಿಗೆ ಗೋಡೆ ಬೇರೆ, ಟ್ರಂಕಿಗೆ ಮನೆ ಬೇರೆ. ನಿಜವಾದ ಸಾವನ್ನು ನಾನು ಬಯಸಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ಕಾಗದದ ಮೇಲೆ ಒಂದು ಸಲ, ಎರಡು ಪುಟ, ಬಯಸಿದೆ. ಆಸ್ಪತ್ರೆಯ ಪ್ರೇಮಕಥೆ ಬರೆಯುವವರು ಎಷ್ಟೋ ಜನರನ್ನು ಹೀಗೆ ಸಾಯಿಸುತ್ತಾರೆ, ಅದರಲ್ಲೇನಿದೆ ಎಂದುಕೊಂಡೆ.

ಇನ್ನೊಂದು ವಿಷಯ ನಿನಗೆ ಗೊತ್ತಿಲ್ಲ. ಆ ಶುಕ್ರವಾರ ನಾನು ಅಲ್ಲಿದ್ದೆ. ನೀನು ಮರೆತುಹೋದ ಛತ್ರಿ ಕೊಡುವ ನೆಪ. ಸಂಜೆ ನಾಲ್ಕು, ಭೇಟಿಯ ಹೊತ್ತು. ನೀನು ವಾರ್ಡಿನಲ್ಲಿರಲಿಲ್ಲ, ಔಷಧಿ ತರಲು ಹೋಗಿದ್ದೆಯಂತೆ. ಬಾಗಿಲಿನಲ್ಲೇ ನಿಂತೆ. ಅವರು ದಿಂಬಿಗೆ ಒರಗಿ ಓದುತ್ತಿದ್ದರು, ತೆಳ್ಳಗಿನ ದನಿ, ಎರಡು ಸಾಲಿಗೊಮ್ಮೆ ಉಸಿರು ತೆಗೆದುಕೊಳ್ಳುತ್ತಿದ್ದರು. ಏಳರ ಮಾತು ಬಂತು. ನಿಂತರು. ಮುಖದಲ್ಲಿ ಮೊದಲು ಬಂದದ್ದು ನಗು. ನಿನ್ನ ಖಾಲಿ ಮೇಜಿನ ಕಡೆ ನೋಡಿದರು. ಮತ್ತೆ ಓದಿದರು. ಕವಾಟ ಬಂತು, ಆಪರೇಷನ್ ಬಂತು. ಸುತ್ತಲಿನ ಹಾಸಿಗೆಗಳಲ್ಲಿ ಕೆಮ್ಮು ಕೂಡ ನಿಂತಿತು. ಹತ್ತನೇ ಹಾಸಿಗೆಯ ಮುದುಕರು ‘ಸಾಕು ಬಿಡಪ್ಪ, ಇವತ್ತಿಗೆ’ ಎಂದರು. ‘ಇನ್ನು ಅರ್ಧ ಪುಟ ಇದೆ ತಾತ. ಪಾಪ, ಬರೆದವರು ಕಷ್ಟಪಟ್ಟಿರ್ತಾರೆ’ ಎಂದು ಕೊನೆಯವರೆಗೆ ಓದಿದರು. ಪತ್ರಿಕೆ ಮಡಿಸಿ, ದಿಂಬಿನ ಕೆಳಗಿನಿಂದ ನಿನ್ನ ಗಡಿಯಾರ ತೆಗೆದು ಕಿವಿಗೆ ಹಿಡಿದುಕೊಂಡರು. ನಾನು ಛತ್ರಿಯನ್ನು ಬಾಗಿಲಿಗೆ ಒರಗಿಸಿ ಓಡಿದೆ. ಅದು ಹೇಗೆ ಅಲ್ಲಿಗೆ ಬಂತು ಎಂದು ನೀನು ಯೋಚಿಸಿರಬಹುದು.

ಮರುದಿನ ಬೆಳಿಗ್ಗೆ, ಆಪರೇಷನ್ನಿಗೆ ಒಂಬತ್ತು ದಿನ ಇರುವಾಗ, ತಮ್ಮ ಜವಾಬ್ದಾರಿ ಎಂದು ಸಹಿ ಮಾಡಿ ಅವರು ಹೊರಟುಹೋದರು. ನೀನು ಕೋಣೆಗೆ ಬಂದಾಗ ಕೈಯಲ್ಲಿ ಪತ್ರಿಕೆ ಇತ್ತು. ಕೂಗಾಡಲಿಲ್ಲ. ‘ಮೂರು ತಿಂಗಳು ಚಮಚ ಚಮಚವಾಗಿ ಧೈರ್ಯ ತುಂಬಿದ್ದೆ ಕಣೆ. ನೀನು ಎರಡೇ ಪುಟದಲ್ಲಿ ಖಾಲಿ ಮಾಡಿದೆ’ ಎಂದೆ. ಕೇಸ್ ಪೇಪರಿನಲ್ಲಿದ್ದ ವಿಳಾಸಕ್ಕೆ ಹೋಗಿ ನೋಡಿದರೆ ಬಾಡಿಗೆ ಕೋಣೆ, ಅಮ್ಮ ಮಗ ಬೆಳಿಗ್ಗೆಯೇ ಖಾಲಿ ಮಾಡಿದ್ದರಂತೆ. ತಿಂಗಳೊಳಗೆ ನೀನು ಬೇರೆ ಊರಿನ ಆಸ್ಪತ್ರೆಗೆ ಸೇರಿಕೊಂಡೆ. ಟ್ರಂಕು ಹೋದ ಮೇಲೆ ಅದರ ಜಾಗದ ನೆಲ ಮಾತ್ರ ಬೇರೆ ಬಣ್ಣದಲ್ಲಿತ್ತು.

ಉಳಿದ ನಾಲ್ಕು ಕಂತು ನಾನೊಬ್ಬಳೇ ಬರೆದೆ, ಚೌಕಗಳಿಲ್ಲದೆ. ಅವುಗಳಲ್ಲಿ ಯಾರಿಗೂ ನೆಗಡಿ ಕೂಡ ಆಗಲಿಲ್ಲ. ಆಮೇಲೆ ಕಥೆ ಬರೆಯಲಿಲ್ಲ. ಒಂದು ಕವನ ಸಂಕಲನ ತಂದೆ, ಪಾಠ ಮಾಡಿದೆ, ಮದುವೆಯಾದೆ, ಮಗಳು ಓದು ಮುಗಿಸಿದಳು. ಊರು ಬಿಟ್ಟಿಲ್ಲ. ಆಸ್ಪತ್ರೆಯ ಹಿಂದಿನ ರಸ್ತೆಯಲ್ಲಿ ಮಾತ್ರ ಓಡಾಡುವುದಿಲ್ಲ. ಕಾಲೇಜಿಗೆ ಅದೇ ಹತ್ತಿರದ ದಾರಿ, ನಾನು ಸುತ್ತು ಹಾಕಿ ಹೋಗುತ್ತೇನೆ. ಗಡಿಯಾರದವರು ಆಮೇಲೆ ಏನಾದರೋ ತಿಳಿಯಲಿಲ್ಲ.

ಈಗ ನಾನು ಕೇಳುವುದು ಇಷ್ಟು. ಹನ್ನೆರಡನೇ ಕಂತನ್ನು ಮತ್ತೆ ಬರೆದು ಇದರ ಜೊತೆ ಇಟ್ಟಿದ್ದೇನೆ. ದೊಡ್ಡಮ್ಮ ಇದ್ದಾರೆ, ರೇಡಿಯೋದವನೂ ಇದ್ದಾನೆ. ಸಾಯುವವರ ಜಾಗದಲ್ಲಿ ಚೌಕ ಇದೆ, ಖಾಲಿ. ಕೆಂಪು ಶಾಯಿಯಲ್ಲಿ ನೀನು ಏನು ಬರೆದರೆ ಅದೇ ಅಚ್ಚಾಗುತ್ತದೆ. ಪೂರ್ತಿ ಕಥೆಯೇ ಬೇಡ ಎಂದರೆ ಒಪ್ಪಂದವನ್ನು ಸಹಿ ಮಾಡದೆ ವಾಪಸು ಕಳಿಸು. ಅದಕ್ಕೂ ನಾನು ತಯಾರು. ಕ್ಷಮೆ ಕೇಳುವ ಸಾಲೊಂದನ್ನು ನಾಲ್ಕು ಸಲ ಬರೆದು ಹೊಡೆದುಹಾಕಿದೆ. ಎಲ್ಲ ಸಲವೂ ಅದು ಕಥೆಯ ಸಾಲಿನ ಹಾಗೆಯೇ ಇತ್ತು, ಪಕ್ಕದಲ್ಲಿ ನೀನು ಏನು ಬರೆಯುತ್ತೀ ಎಂಬುದು ನನಗೆ ಕಾಣಿಸುತ್ತಿತ್ತು.

ಕಾಲು ಈಗಲೂ ಬಾತುಕೊಳ್ಳುತ್ತದೆಯೇ? ಪ್ರಿನ್ಸಿಪಾಲ್ ಮೇಡಂ ಗೋಡೆಗೆ ಕಾಲೆತ್ತಿ ಮಲಗಿದ್ದನ್ನು ಹುಡುಗಿಯರು ನೋಡಿದ್ದಾರೆಯೇ? ಕೆಂಪು ಪೆನ್ನಾದರೂ ಜೇಬಿನಲ್ಲಿ ಇದೆಯೇ?

ಹಾಗೆ ಕರೆದುಕೊಳ್ಳಲು ನೀನು ಬಿಟ್ಟರೆ,
ನಿನ್ನ ಪಂಡಿತಮ್ಮ

ತಾ.ಕ.: ಕಾಗದವನ್ನು ಮಡಿಸಿ ಅಂಟು ಹಚ್ಚಿ ಮತ್ತೆ ಬಿಚ್ಚಿದೆ. ಮೇಲೆ ‘ಏನಾದರೋ ತಿಳಿಯಲಿಲ್ಲ’ ಎಂದು ಬರೆದಿದ್ದೇನೆ. ಅದು ಸುಳ್ಳು. ಹೊಡೆದುಹಾಕದೆ ಹಾಗೇ ಬಿಟ್ಟಿದ್ದೇನೆ, ಇಷ್ಟು ವರ್ಷ ನಾನು ಅದನ್ನು ಎಷ್ಟು ಸಲೀಸಾಗಿ ಹೇಳುತ್ತ ಬಂದೆ ಎಂದು ನಿನಗೂ ಕಾಣಲಿ.

ನೀನು ಹೋಗಿ ಐದು ತಿಂಗಳಿಗೆ ಅವರು ಹಾಸ್ಟೆಲ್ಲಿಗೆ ಬಂದರು. ಕೆಳಗಿನ ಬೆಂಚಿನಲ್ಲಿ ಕೂತಿದ್ದರು, ಅಂಗಿಯ ಗುಂಡಿಯನ್ನು ಕತ್ತಿನವರೆಗೂ ಹಾಕಿಕೊಂಡು. ಬೇರೆ ಊರಿನ ಆಸ್ಪತ್ರೆಯಲ್ಲಿ ಕವಾಟ ಸರಿಮಾಡಿಸಿಕೊಂಡಿದ್ದರು. ಬಸ್ ನಿಲ್ದಾಣದಿಂದ ಒಂದೇ ಉಸಿರಿಗೆ ನಡೆದು ಬಂದೆ ಎಂದು ಮಕ್ಕಳ ಹಾಗೆ ಹೇಳಿಕೊಂಡರು. ಏಳರ ಮಾತು ಸಿಸ್ಟರಿಗೆ ಬಿಟ್ಟು ಇನ್ಯಾರಿಗೂ ಗೊತ್ತಿರಲಿಲ್ಲ, ಬರೆದವರು ಅವರ ಕೋಣೆಯಲ್ಲಿದ್ದ ನೀವೇ ಇರಬೇಕು ಎಂದರು. ಸಿಟ್ಟಿರಲಿಲ್ಲ. ‘ಅವತ್ತು ನಾನು ಹೆದರಿ ಹೋಗಿದ್ದಲ್ಲ. ಕಥೇಲಿ ಆ ನರ್ಸ್ ತನ್ನ ನಾಡಿನೇ ಎಣಿಸ್ಕೊಳ್ತಾಳಲ್ಲ, ಅದನ್ನ ಓದಿದ್ಮೇಲೆ ಗೊತ್ತಾಯ್ತು, ಇವರ ಕೈಯಲ್ಲಿ ಮಾತ್ರ ನಾನು ಸಾಯಬಾರ್ದು ಅಂತ. ಸಾಯೋದಾದ್ರೆ ಬೇರೆ ಎಲ್ಲಾದ್ರೂ. ಬದುಕಿದ್ರೆ ಬಂದು ಕೇಳೋಣ ಅಂತ ಹೋದೆ. ಎಲ್ಲಿದ್ದಾರೆ ಸಿಸ್ಟರ್?’

ನಿನ್ನ ಹೊಸ ವಿಳಾಸದ ಚೀಟಿ ನನ್ನ ಚೀಲದಲ್ಲಿತ್ತು. ಹಾಸ್ಟೆಲ್ಲಿನ ವಾರ್ಡನ್ನರಿಂದ ನಾನೇ ಇಸಿದುಕೊಂಡಿದ್ದೆ, ನಿನಗೆ ಬರೆಯಬೇಕೆಂದು. ನಾನು ‘ಗೊತ್ತಿಲ್ಲ’ ಎಂದೆ. ಅವರು ಬದುಕಿದ್ದಾರೆ ಎಂದು ನಿನಗೆ ಬರೆದಿದ್ದರೆ ನನ್ನ ಮೇಲಿನ ಸಿಟ್ಟಾದರೂ ಇಳಿಯುತ್ತಿತ್ತು. ಆದರೂ ಬರೆಯಲಿಲ್ಲ. ಸಿಟ್ಟಿನಲ್ಲಾದರೂ ನೀನು ಒಂದು ದಿನ ಆ ಕೋಣೆಗೆ ವಾಪಸು ಬರಬಹುದು, ಅವರ ಮನೆಗೆ ಹೋದರೆ ಬರುವುದಿಲ್ಲ ಎಂದುಕೊಂಡೆ. ಅವರು ಹತ್ತಿಯಲ್ಲಿ ಸುತ್ತಿ ಬೆಂಕಿಪೊಟ್ಟಣದಲ್ಲಿಟ್ಟ ನಿನ್ನ ಗಡಿಯಾರವನ್ನು ನನ್ನ ಕೈಗೆ ಕೊಟ್ಟರು. ‘ಸಿಕ್ಕಿದ್ರೆ ಕೊಡಿ. ಈಗ ಎಡವಲ್ಲ ಅಂತ ಹೇಳಿ. ಅವರು ಬಂದ್ರೆ ಸುಲಭವಾಗಿ ಸಿಗ್ಲಿ ಅಂತ ಆಸ್ಪತ್ರೆ ಹಿಂದಿನ ರಸ್ತೆಯಲ್ಲೇ ಅಂಗಡಿ ಹಾಕ್ತಿದ್ದೀನಿ’ ಎಂದು ಪೊಟ್ಟಣದ ಹಿಂದೆ ಅಂಗಡಿಯ ನಂಬರು ಬರೆದರು. ಇಪ್ಪತ್ತನಾಲ್ಕು ವರ್ಷ ದಿನವೂ ಬೆಳಿಗ್ಗೆ ಅದಕ್ಕೆ ಕೀ ಕೊಟ್ಟಿದ್ದೇನೆ. ಕಾಗದ ಬಚ್ಚಿಡುವ ಅತ್ತೆ ಮಗಳನ್ನು ಯಾರೂ ನಂಬುವುದಿಲ್ಲ ಎನ್ನುತ್ತಿದ್ದೆನಲ್ಲ, ಅಕ್ಕ, ನಾನೇ ಅವಳು.

ಆಸ್ಪತ್ರೆಯಿಂದ ಬಂದ ಮೇಲೆ, ಹೋದ ಮಂಗಳವಾರ, ಆ ರಸ್ತೆಗೆ ಹೋದೆ. ಅಂಗಡಿ ಇದೆ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತಿದ್ದರು, ತಲೆ ನರೆತಿದೆ. ನನ್ನ ಗುರುತು ಹತ್ತಲಿಲ್ಲ. ಗಡಿಯಾರ ಮುಂದಿಟ್ಟೆ. ಹಿಂದಿನ ಮುಚ್ಚಳ ತೆಗೆದು ಒಳಗೆ ನೋಡಿ ಹಾಗೇ ಕೂತರು. ರಿಪೇರಿ ಮಾಡಿದವರು ಮುಚ್ಚಳದ ಒಳಗೆ ಸೂಜಿಯಿಂದ ತಾರೀಖು ಗೀರಿಡುತ್ತಾರಂತೆ, ಅದು ಅವರದೇ ಗೀರು. ಮುಚ್ಚಳ ಮತ್ತೆ ಹಾಕಿ, ‘ಸಿಸ್ಟರ್ ಚೆನ್ನಾಗಿದ್ದಾರಾ?’ ಎಂದರು. ಕೇಳಿ ಹೇಳುತ್ತೇನೆ ಎಂದೆ. ಸಂಸಾರ, ಮಕ್ಕಳು, ಯಾವುದನ್ನೂ ನಾನು ವಿಚಾರಿಸಲಿಲ್ಲ. ಅದು ನನ್ನ ಪ್ರಶ್ನೆಯಲ್ಲ.

ಡಬ್ಬಿಯಲ್ಲಿರುವುದು ಆ ಗಡಿಯಾರ, ಅದೇ ಬೆಂಕಿಪೊಟ್ಟಣದಲ್ಲಿ. ಏಳರ ಹತ್ತಿರ ನೋಡು. ಹನ್ನೆರಡನೇ ಕಂತಿನ ಚೌಕ ತುಂಬುವ ಮೊದಲು ಒಂದು ಸಲ ಇಲ್ಲಿಗೆ ಬಂದು ಹೋಗು. ನನ್ನ ಮನೆಗೆ ಬರಬೇಕಾಗಿಲ್ಲ. ಅಂಗಡಿ ಬೆಳಿಗ್ಗೆ ಹತ್ತಕ್ಕೆ ತೆರೆಯುತ್ತದೆ, ಭಾನುವಾರ ರಜೆ.